ಮೈಸೂರಾ, ಶಂಕರಘಟ್ಟವಾ, ತೋಳಹುಣಸೆಯಾ: ಒಂದು ಎಂಎಸ್ಸಿ ಸೀಟಿನ ಪ್ರಕರಣ

ಹುಡುಗಿ ನನ್ನ ಅಕ್ಕನ ಮಗಳು. ಹೆಸರು ಬೇಡ. ಊರು ಹೊಳಲ್ಕೆರೆ ತಾಲ್ಲೂಕಿನದು, ಚಿಕ್ಕಜಾಜೂರು ಜಂಕ್ಷನ್‌ಗೆ ಹತ್ತಿರದ ಒಂದು ಹಳ್ಳಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿದ್ದಾಳೆ, ಕೆಮಿಸ್ಟ್ರಿ ಮೇಜರ್. ಅಂಕ ಚೆನ್ನಾಗಿವೆ, ರ‍್ಯಾಂಕ್ ಬರುವಷ್ಟಲ್ಲ. ಭಾವನಿಗೆ ಸ್ವಲ್ಪ ಅಡಿಕೆ ತೋಟ ಇದೆ, ಉಳಿದದ್ದೆಲ್ಲ ಮೆಕ್ಕೆಜೋಳ. ಬೋರು ನೀರು ಕೊಟ್ಟ ವರ್ಷ ತೋಟ ಮನೆ ನಡೆಸುತ್ತದೆ, ಕೊಡದ ವರ್ಷ ಸೊಸೈಟಿ ಸಾಲ ನಡೆಸುತ್ತದೆ. ಮೀಸಲಾತಿಯಲ್ಲಿ ಪ್ರವರ್ಗ 2ಎ. ತಮ್ಮ ಒಬ್ಬ ಪಿಯುಸಿಯಲ್ಲಿದ್ದಾನೆ, ಅವನ ಫೀಸಿನ ಲೆಕ್ಕವೂ ಇದೇ ಮನೆಯದು.

2025ರಲ್ಲಿ ಇವಳಿಗೆ ಮೂರು ಕಡೆ ಸೀಟು ಬಂತು. ದಾವಣಗೆರೆ ವಿವಿಯಲ್ಲಿ (ಕ್ಯಾಂಪಸ್ಸು ತೋಳಹುಣಸೆಯಲ್ಲಿ) ಎಂಎಸ್ಸಿ ಕೆಮಿಸ್ಟ್ರಿ, ಮೆರಿಟ್ ಸೀಟು. ಕುವೆಂಪು ವಿವಿಯಲ್ಲಿ (ಇದರ ಕ್ಯಾಂಪಸ್ಸು ಶಂಕರಘಟ್ಟದಲ್ಲಿ) ಇಂಡಸ್ಟ್ರಿಯಲ್ ಕೆಮಿಸ್ಟ್ರಿ, ಮೊದಲ ಪಟ್ಟಿಯಲ್ಲಿ ಹೆಸರಿರಲಿಲ್ಲ, ಎರಡನೆಯದರಲ್ಲಿ ಬಂತು. ಮೈಸೂರು ವಿವಿಯಲ್ಲಿ ಕೆಮಿಸ್ಟ್ರಿ, ಆದರೆ ಜಾಸ್ತಿ ಫೀಸು ಕಟ್ಟುವ ಪೇಮೆಂಟ್ ಸೀಟು. ಮೂರೂ ಸರ್ಕಾರಿ ವಿಶ್ವವಿದ್ಯಾಲಯಗಳೇ. ಹೊರಗಿನವರಿಗೆ ಇದೊಂದು ಸಮಸ್ಯೆ ಅಂತಲೇ ಅನ್ನಿಸುವುದಿಲ್ಲ, "ಮೈಸೂರು ಸಿಕ್ಕಿದೆಯಲ್ಲ, ಇನ್ನೇನು" ಅಂತಾರೆ. ಮನೆಯಲ್ಲಿ ಮಾತ್ರ ಅದೇ ವಿಷಯಕ್ಕೆ ಊಟ ಬಿಡುವಷ್ಟು ಜಗಳ ಆಯಿತು.

ನಾನು ಪೀಣ್ಯದ ಒಂದು ಔಷಧಿ ಕಂಪನಿಯ ಕ್ವಾಲಿಟಿ ಕಂಟ್ರೋಲ್ ಲ್ಯಾಬಿನಲ್ಲಿದ್ದೇನೆ. ಅದಕ್ಕೇ ಫೋನು ನನಗೆ ಬಂತು. "ಮಾವ, ನೀನೇ ಹೇಳು, ಇಲ್ಲಿ ಎಲ್ಲರೂ ಒಂದೊಂದು ಹೇಳ್ತಾ ಇದಾರೆ." ಇದೇ ಪರಿಸ್ಥಿತಿಯಲ್ಲಿರುವ ಮನೆಗಳು ಜಾಸ್ತಿ ಇವೆ ಅಂತ ಗೊತ್ತು. ಹಾಗಾಗಿ ನಡೆದದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ. ನನ್ನ ವಾದ ಮೊದಲೇ ಹೇಳಿಬಿಡುತ್ತೇನೆ: ಎಂಎಸ್ಸಿಗೆ ಹೋಲಿಸಬೇಕಾದದ್ದು ವಿವಿಯ ಹೆಸರನ್ನಲ್ಲ, ಅಲ್ಲಿ ನಿಮಗೆ ಸಿಕ್ಕಿರುವ ಸೀಟನ್ನು.

ಸೀಟು ಎಲ್ಲ ಒಂದೇ ಅಲ್ಲ

ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಯ ಡಿಗ್ರಿ ಕಾಲೇಜುಗಳು ದಾವಣಗೆರೆ ವಿವಿ ವ್ಯಾಪ್ತಿಗೆ ಬರುತ್ತವೆ. ಶಿವಮೊಗ್ಗ, ಚಿಕ್ಕಮಗಳೂರಿನವು ಕುವೆಂಪು ವಿವಿಗೆ. ಪಿಜಿ ಸೀಟು ಹಂಚುವಾಗ ವಿವಿಗಳು ಹೆಚ್ಚಿನ ಪಾಲನ್ನು ತಮ್ಮಲ್ಲೇ ಡಿಗ್ರಿ ಮಾಡಿದವರಿಗೆ ಇಟ್ಟುಕೊಳ್ಳುತ್ತವೆ, ಬೇರೆ ವಿವಿಯಿಂದ ಬರುವವರಿಗೆ ಉಳಿಯುವುದು ಕೆಲವೇ ಸೀಟು. ಆ ಕೆಲವು ಸೀಟಿನೊಳಗೆ ಮತ್ತೆ ಪ್ರವರ್ಗದ ಲೆಕ್ಕ. ಒಂದೇ ಅಂಕಪಟ್ಟಿ ಹಿಡಿದು ಹೋದ ಹುಡುಗಿಗೆ ಸ್ವಂತ ವಿವಿಯಲ್ಲಿ ಮೊದಲ ಪಟ್ಟಿಯಲ್ಲೇ ಹೆಸರು, ಪಕ್ಕದ ವಿವಿಯಲ್ಲಿ ಎರಡನೇ ಪಟ್ಟಿ, ದೂರದ ವಿವಿಯಲ್ಲಿ ದುಡ್ಡು ಕಟ್ಟುವ ಸೀಟು ಬಂದದ್ದು ಇದರಿಂದ. ಅವಳ ಬುದ್ಧಿ ಊರಿಂದ ಊರಿಗೆ ಕಮ್ಮಿಯಾಗಿಲ್ಲ ಅಂತ ಭಾವನಿಗೆ ಬಿಡಿಸಿ ಹೇಳಬೇಕಾಯಿತು. ಅವರು "ಮೈಸೂರಲ್ಲಿ ಇವಳ ಅಂಕ ಸಾಲಲಿಲ್ಲವಂತೆ" ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದರು.

ಪೇಮೆಂಟ್ ಸೀಟು ಅಂದರೆ ಪಾಠ ಒಂದೇ, ಲ್ಯಾಬ್ ಒಂದೇ, ಕೊನೆಗೆ ಕೊಡುವ ಪದವಿಯೂ ಒಂದೇ. ಬದಲಾಗುವುದು ಫೀಸು. ಜೊತೆಗೆ ಫೀಸಿಗೆ ಅಂಟಿಕೊಂಡಿರುವ ಶುಲ್ಕ ವಿನಾಯಿತಿ, ಸ್ಕಾಲರ್‌ಶಿಪ್ ಲೆಕ್ಕಗಳು. ಮನೆಯವರು ನೋಡಿದ್ದು ಮೊದಲಿನ ಮೂರನ್ನು ಮಾತ್ರ.

ಇನ್ನೊಂದು ತಮಾಷೆ ಇದೆ. ಮೈಸೂರು ವಿವಿ ಶುರುವಾಗಿದ್ದು 1916ರಲ್ಲಿ, ಕುವೆಂಪು ವಿವಿ 1987ರಲ್ಲಿ, ದಾವಣಗೆರೆ ವಿವಿ 2009ರಲ್ಲಿ. ಶಂಕರಘಟ್ಟದ ಕ್ಯಾಂಪಸ್ಸು ಮೊದಲು ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರವಾಗಿತ್ತು. ತೋಳಹುಣಸೆಯದೂ 1979ರಲ್ಲಿ ಮೈಸೂರು ವಿವಿಯ ಕೇಂದ್ರವಾಗಿ ಶುರುವಾಗಿ, ಆಮೇಲೆ ಕುವೆಂಪು ವಿವಿಯ ಕೈಗೆ ಬಂದು, ಕಡೆಗೆ ತಾನೇ ವಿವಿಯಾಯಿತು. ಅಂದರೆ ಇವಳಿಗೆ ಸೀಟು ಕೊಟ್ಟವರು ಅಜ್ಜಿ, ತಾಯಿ, ಮಗಳು. ಇದನ್ನು ಹುಡುಗಿಯ ದೊಡ್ಡಪ್ಪನಿಗೆ ಹೇಳಿದೆ. "ಅದೆಲ್ಲ ಇರ್ಲಿ ಕಣಪ್ಪ, ಮೈಸೂರು ಅಂದ್ರೆ ಮೈಸೂರೇ" ಅಂದರು.

ಯಾರು ಏನು ಹೇಳಿದರು

ದೊಡ್ಡಪ್ಪ ಮೈಸೂರಿನ ಪಕ್ಷ. ಅವರ ಕಾಲಕ್ಕೆ ಅದು ಸರಿಯೇ, ಆಗ ಈ ಕಡೆಯ ಡಿಗ್ರಿ ಸರ್ಟಿಫಿಕೇಟಿನ ಮೇಲೂ ಮೈಸೂರಿನ ಗಂಡಭೇರುಂಡವೇ ಇರುತ್ತಿತ್ತು. ಭಾವ ದಾವಣಗೆರೆಯ ಪಕ್ಷ, ಕಾರಣ ಒಂದೇ: ಮನೆಯಿಂದ ಓಡಾಡಬಹುದು. ಅಕ್ಕ ಬಾಯಿ ಬಿಡಲಿಲ್ಲ. ಆಮೇಲೆ ನನ್ನೊಬ್ಬನಿಗೇ ಫೋನ್ ಮಾಡಿ, "ಎಲ್ಲಾದ್ರೂ ಸರಿ, ಹಾಸ್ಟೆಲ್ಲಲ್ಲಿ ಇದ್ದು ಓದಲಿ, ಮನೇಲಿದ್ರೆ ಗಂಡು ನೋಡೋಕೆ ಶುರು ಮಾಡ್ತಾರೆ" ಅಂದಳು. ಇಡೀ ಚರ್ಚೆಯಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ಮಾತು ಇದು. ಹುಡುಗಿಯ ಮನಸ್ಸು ಶಂಕರಘಟ್ಟದ ಕಡೆ ಇತ್ತು. ಅವಳ ಸೀನಿಯರ್ ಒಬ್ಬಳು ಅಲ್ಲಿದ್ದಳು, ಕಾಡಿನ ಅಂಚಿನ ಕ್ಯಾಂಪಸ್ಸಿನ ಫೋಟೋ ಕಳಿಸುತ್ತಿದ್ದಳು. ಅದು ಕಾರಣವೇ ಅಲ್ಲ ಅಂತ ನಾನು ಹೇಳುವುದಿಲ್ಲ. ಎರಡು ವರ್ಷ ಇರಬೇಕಾದ ಜಾಗ, ಕಣ್ಣಿಗೆ ಹಿಡಿಸಿದರೆ ತಪ್ಪೇನು?

ಇದರ ಮಧ್ಯೆ ವಾಟ್ಸ್ಆ್ಯಪ್‌ನಲ್ಲಿ ಒಂದು ಗಾಳಿಸುದ್ದಿ ಬಂತು, "ಹೊಸ ವಿವಿಗಳನ್ನೆಲ್ಲ ಮುಚ್ಚುತ್ತಾರಂತೆ, ದಾವಣಗೆರೆಗೆ ಸೇರಿಸಬೇಡಿ" ಅಂತ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ವಿವಿಗಳನ್ನು ಮುಚ್ಚುವ ಮಾತಾಡಿದ್ದು ನಿಜ. ಆದರೆ ಅದು ಹಾಸನ, ಹಾವೇರಿ, ಕೊಪ್ಪಳ, ಕೊಡಗು ಥರದ ತೀರಾ ಹೊಸ ವಿವಿಗಳ ವಿಷಯ. 2009ರ ದಾವಣಗೆರೆ ಆ ಪಟ್ಟಿಯಲ್ಲೇ ಇಲ್ಲ. ಇಷ್ಟು ಹೇಳಿ ಆ ಬಾಗಿಲು ಮುಚ್ಚಿದೆ.

ಓದಿ ಏನು ಮಾಡುತ್ತಾಳೆ?

ಇದನ್ನು ಯಾರೂ ಕೇಳಿರಲಿಲ್ಲ. ಕೇಳಿದಾಗ ಅವಳು ಎರಡು ಹೇಳಿದಳು. ಒಂದು ಪಿಯು ಕಾಲೇಜಿನ ಲೆಕ್ಚರರ್ ಆಗುವುದು, ಇನ್ನೊಂದು ನನ್ನ ಥರ ಫಾರ್ಮಾ ಲ್ಯಾಬಿಗೆ ಹೋಗುವುದು. ಪಿಎಚ್‌ಡಿ ಬಗ್ಗೆ "ಗೊತ್ತಿಲ್ಲ ಮಾವ, ನೋಡೋಣ" ಅಂದಳು. ಒಳ್ಳೆಯ ಉತ್ತರ ಅದು. ಇಪ್ಪತ್ತೊಂದು ವರ್ಷಕ್ಕೆ ಇದಕ್ಕಿಂತ ಜಾಸ್ತಿ ಗೊತ್ತಿರಬೇಕಾಗಿಲ್ಲ.

ಈಗ ಈ ದಾರಿಗಳನ್ನು ಮೂರು ಸೀಟಿನ ಮೇಲೆ ಇಟ್ಟು ನೋಡಿ. ಸರ್ಕಾರಿ ಪಿಯು ಉಪನ್ಯಾಸಕರ ಹುದ್ದೆಗೆ ಬೇಕಾಗುವುದು ಆ ವಿಷಯದಲ್ಲಿ ಶೇ 55 ಅಂಕದ ಸ್ನಾತಕೋತ್ತರ ಪದವಿ, ಜೊತೆಗೆ ಬಿಎಡ್, ಆಮೇಲೆ ಸ್ಪರ್ಧಾತ್ಮಕ ಪರೀಕ್ಷೆ. ಅಲ್ಲಿ ನಿಮ್ಮ ಎಂಎಸ್ಸಿ ಯಾವ ವಿವಿಯದು ಅಂತ ಯಾರೂ ಅಂಕ ಕೊಡುವುದಿಲ್ಲ. ಡಿಗ್ರಿ ಕಾಲೇಜಿಗೆ ಹೋಗಬೇಕು ಅಂದರೂ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಬೇಕು, ಇಲ್ಲವೇ ಪಿಎಚ್‌ಡಿ ಇರಬೇಕು. ಆ ಪರೀಕ್ಷೆಗಳ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ.

ಫಾರ್ಮಾ ವಿಷಯ ನನ್ನ ಕಣ್ಣಳತೆಯಲ್ಲೇ ಇರುವುದು. ನಮ್ಮ ಲ್ಯಾಬಿಗೆ ಫ್ರೆಶರ್ ತಗೊಳ್ಳುವಾಗ ಬಯೋಡೇಟಾದಲ್ಲಿ ವಿವಿ ಹೆಸರು ನೋಡುತ್ತೇವೆ, ಸುಳ್ಳು ಹೇಳಲ್ಲ. ಆದರೆ ನೋಡಿ ಮುಂದೆ ಹೋಗುತ್ತೇವೆ. ಇಂಟರ್‌ವ್ಯೂನಲ್ಲಿ ಕೇಳುವುದು ಎಚ್‌ಪಿಎಲ್‌ಸಿ (ಮಾದರಿಯಲ್ಲಿನ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಕಾಲಮ್ ಹೇಗೆ ಕೆಲಸ ಮಾಡುತ್ತದೆ, ಟೈಟ್ರೇಷನ್‌ನಲ್ಲಿ ಬ್ಲ್ಯಾಂಕ್ ಯಾಕೆ ಹಾಕುತ್ತಾರೆ, ಒಂದು ಮೋಲಾರ್ ದ್ರಾವಣ ಹೇಗೆ ತಯಾರಿಸುತ್ತೀರಿ, ಪ್ರಾಜೆಕ್ಟ್‌ನಲ್ಲಿ ನೀವೇ ಏನು ಮಾಡಿದಿರಿ. "ನೀವೇ" ಅನ್ನುವಲ್ಲಿ ಅರ್ಧ ಜನ ಸಿಕ್ಕಿಬೀಳುತ್ತಾರೆ. ದೊಡ್ಡ ಹೆಸರಿನ ಕ್ಯಾಂಪಸ್ಸಿನಿಂದ ಬಂದು ಪಿಪೆಟ್ ಹಿಡಿಯಲು ತಡಕಾಡಿದವರನ್ನು ನೋಡಿದ್ದೇನೆ, ಹೆಸರೇ ಕೇಳದ ಪಿಜಿ ಸೆಂಟರಿನಿಂದ ಬಂದು ಮೊದಲ ವಾರದಲ್ಲೇ ಮಷೀನ್ ಅರ್ಥ ಮಾಡಿಕೊಂಡವರನ್ನೂ ನೋಡಿದ್ದೇನೆ.

ಸಂಶೋಧನೆಯೇ ಗುರಿಯಾಗಿದ್ದರೆ ನನ್ನ ಮಾತು ಬೇರೆ ಇರುತ್ತಿತ್ತು. ಆಗ ಮೈಸೂರು ವಿವಿಯ ಕ್ಯಾಂಪಸ್ಸು ಮಾನಸಗಂಗೋತ್ರಿಯ ವಿಜ್ಞಾನ ಭವನದಂಥ ಉಪಕರಣ ಕೇಂದ್ರ ಪಕ್ಕದಲ್ಲೇ ಇರುವುದು, ಸುತ್ತಲೂ ಪಿಎಚ್‌ಡಿ ಮಾಡುವವರು ಇರುವುದು, ಇದಕ್ಕೆಲ್ಲ ಬೆಲೆ ಇದೆ. ಮೈಸೂರಿಗೆ ಹೋಗುವವರನ್ನು ನಾನು ತಡೆಯುತ್ತಿಲ್ಲ, ಮೆರಿಟ್‌ನಲ್ಲಿ ಸಿಕ್ಕಿದ್ದರೆ ನಾನೇ ಪೆಟ್ಟಿಗೆ ಹೊತ್ತುಕೊಂಡು ಹೋಗಿ ಬಿಟ್ಟು ಬರುತ್ತಿದ್ದೆ.

ಶಂಕರಘಟ್ಟದ ಇಂಡಸ್ಟ್ರಿಯಲ್ ಕೆಮಿಸ್ಟ್ರಿ ಫಾರ್ಮಾಗೆ ಸರಿಯಾಗಿ ಹೊಂದುತ್ತದೆ. ನಮ್ಮ ಲ್ಯಾಬಿನಲ್ಲೇ ಆ ಓದಿನವರಿದ್ದಾರೆ, ಗಟ್ಟಿಗರು. ನನಗೆ ತಡೆದದ್ದು ಲೆಕ್ಚರರ್ ದಾರಿ. ನೇಮಕಾತಿಯಲ್ಲಿ "ಸಂಬಂಧಪಟ್ಟ ವಿಷಯ" ಅಂತ ಒಂದು ಸಾಲು ಇರುತ್ತದೆ. ಪದವಿಯ ಹೆಸರು ಬರೀ ಕೆಮಿಸ್ಟ್ರಿ ಅಂತಿದ್ದರೆ ಪ್ರಶ್ನೆಯೇ ಏಳುವುದಿಲ್ಲ. ಹೆಸರಿಗೆ ಮುಂದೆ ಇನ್ನೊಂದು ಪದ ಸೇರಿದರೆ ಇದು ತತ್ಸಮಾನ ಹೌದೋ ಅಲ್ಲವೋ ಅಂತ ಕಾಗದ ಹಿಡಿದು ಓಡಾಡುವ ಸಂದರ್ಭ ಬರಬಹುದು. ಫಾರ್ಮಾ ಒಂದೇ ಗುರಿ ಅಂದಿದ್ದರೆ ನಾನು ಶಂಕರಘಟ್ಟ ಅನ್ನುತ್ತಿದ್ದೆ. ಅವಳಿಗೆ ಎರಡೂ ಬಾಗಿಲು ತೆರೆದಿರಬೇಕಿತ್ತು.

ದುಡ್ಡು

ಮೈಸೂರಿನ ಪೇಮೆಂಟ್ ಸೀಟಿನ ಫೀಸು ಮೆರಿಟ್ ಸೀಟಿನ ಹಲವು ಪಟ್ಟು. ಹಾಸ್ಟೆಲ್ ಸಿಗದಿದ್ದರೆ ರೂಮು, ಊಟ, ಓಡಾಟ ಸೇರಿ ತಿಂಗಳಿಗೆ ಆರೇಳು ಸಾವಿರ ಹಿಡಿಯಲೇಬೇಕು. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿ‌ನಲ್ಲಿ ಅರ್ಜಿ ಹಾಕಿದರೆ ಸಿಗುವ ಶುಲ್ಕ ವಿನಾಯಿತಿಯನ್ನು ಪೇಮೆಂಟ್ ಸೀಟಿಗೆ ನಂಬಿಕೊಳ್ಳಬೇಡಿ ಅಂತ ತಾಲ್ಲೂಕಿನ ಆಫೀಸಿನವರು ಹೇಳಿದರು. ರೈತರ ಮಕ್ಕಳಿಗೆ ಅಂತ 2021ರಲ್ಲಿ ಶುರುವಾದ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದುವ ಹುಡುಗಿಯರಿಗೆ ವರ್ಷಕ್ಕೆ 11,000 ರೂಪಾಯಿ ಅಂತ ಇಟ್ಟಿದ್ದರು. ಬಂದರೆ ಒಳ್ಳೆಯದು, ಆದರೆ ಸ್ಕಾಲರ್‌ಶಿಪ್ ದುಡ್ಡು ಅಕೌಂಟಿಗೆ ಬೀಳುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ. ಮೊದಲು ಕಟ್ಟುವುದು ಮನೆಯ ದುಡ್ಡೇ.

ಭಾವ "ಅಡಿಕೆ ಬರ್ಲಿ, ಕಟ್ಟೋಣ" ಅಂದರು. ತಮ್ಮನ ಸಿಇಟಿಯೂ ಅದೇ ಅಡಿಕೆಯ ಮೇಲೆ ನಿಂತಿದೆ. ಆ ಹೊತ್ತಿಗೆ ಮೈಸೂರು ಲೆಕ್ಕದಿಂದ ಹೊರಗೆ ಹೋಯಿತು. ದೊಡ್ಡಪ್ಪ ಎರಡು ದಿನ ಮಾತು ಬಿಟ್ಟರು.

ಫ್ರೀ ಬಸ್ಸಿನ ವಾದ

ಇಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹೋಯಿತು. ದಾವಣಗೆರೆ ಅಂತ ಹೆಚ್ಚುಕಡಿಮೆ ತೀರ್ಮಾನ ಆದ ಕೂಡಲೇ ಭಾವ "ಹಂಗಾದ್ರೆ ದಿನಾ ಓಡಾಡ್ಲಿ" ಅಂದರು. ಅವರ ಲೆಕ್ಕಕ್ಕೆ ಆಧಾರವೂ ಇತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು, ವೇಗದೂತ ಎಲ್ಲ ಫ್ರೀ. ರೈಲು ನೋಡಿದರೆ ಚಿಕ್ಕಜಾಜೂರು–ದಾವಣಗೆರೆ ಲೈನಿನಲ್ಲಿ ತೋಳಹುಣಸೆ ಅಂತ ಸ್ಟೇಷನ್ನೇ ಇದೆ, ಪ್ಯಾಸೆಂಜರ್ ನಿಲ್ಲುತ್ತದೆ. ಹಾಸ್ಟೆಲ್ ಖರ್ಚಿಲ್ಲ, ಮಗಳು ರಾತ್ರಿ ಮನೆಯಲ್ಲಿ. ಅಪ್ಪನ ಕಡೆಯಿಂದ ನೋಡಿದರೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಇಲ್ಲ.

ಶಕ್ತಿ ಯೋಜನೆ ನಮ್ಮ ಕಡೆ ಎಷ್ಟು ಹುಡುಗಿಯರನ್ನು ಕಾಲೇಜು ಮುಟ್ಟಿಸಿದೆ ಅಂತ ನೋಡಿದವನು ನಾನು, ಅದರ ಮೇಲೆ ನನಗೆ ತಕರಾರಿಲ್ಲ. ಆದರೆ ಟಿಕೆಟ್ ಇಲ್ಲದ್ದಕ್ಕೆ ಪ್ರಯಾಣವೇ ಇಲ್ಲ ಅಂತ ಮನೆಯವರು ಅಂದುಕೊಳ್ಳುತ್ತಾರೆ. ಹಳ್ಳಿಯಿಂದ ಜಂಕ್ಷನ್‌ವರೆಗೆ ಆಟೋನೋ ಅಪ್ಪನ ಬೈಕೋ ಬೇಕು. ಬೆಳಗ್ಗೆ ಆರಕ್ಕೆ ಎದ್ದು ಹೊರಡಬೇಕು. ಎಂಎಸ್ಸಿ ಕೆಮಿಸ್ಟ್ರಿಯಲ್ಲಿ ಮಧ್ಯಾಹ್ನದ ಹೊತ್ತು ಪ್ರಾಕ್ಟಿಕಲ್ಸ್, ರಿಯಾಕ್ಷನ್ ಗಡಿಯಾರ ನೋಡಿ ಮುಗಿಯುವುದಿಲ್ಲ. ರಿಫ್ಲಕ್ಸ್‌ಗೆ, ಅಂದರೆ ಗಂಟೆಗಟ್ಟಲೆ ಕುದಿಯಲು ಇಟ್ಟ ಫ್ಲಾಸ್ಕನ್ನು ಅರ್ಧಕ್ಕೆ ಇಳಿಸಿ ಟ್ರೈನಿಗೆ ಓಡಿದ ಹುಡುಗಿ ಆ ದಿನ ಏನು ಕಲಿತಳು? ಪಕ್ಕದವಳ ರೀಡಿಂಗ್ ಕಾಪಿ ಮಾಡುವುದನ್ನು. ಇಂಟರ್‌ವ್ಯೂನಲ್ಲಿ "ನೀವೇ ಏನು ಮಾಡಿದಿರಿ" ಅಂದಾಗ ತಡವರಿಸುವವರಲ್ಲಿ ಹೀಗೆ ಓಡಾಡಿ ಓದಿದವರು ಸುಮಾರು ಜನ, ಮಾತಾಡಿಸಿದರೆ ಅವರೇ ಹೇಳುತ್ತಾರೆ. ಮನೆಗೆ ಬಂದರೆ ದನ, ನೀರು, ರೊಟ್ಟಿ, ನೆಂಟರು. ಲೈಬ್ರರಿ ಅನ್ನುವುದು ಇರುವುದೇ ಇಲ್ಲ.

ಅಕ್ಕ ಹೇಳಿದ ಮಾತನ್ನು ನಾನು ಭಾವನ ಮುಂದೆ ಎತ್ತಲಿಲ್ಲ, ಅದು ಅವಳಿಗೂ ನನಗೂ ಮಧ್ಯೆ ಇರಬೇಕಾದದ್ದು. ಲ್ಯಾಬಿನ ಹೊತ್ತಿನ ವಾದವನ್ನಷ್ಟೇ ಹಿಡಿದೆ. ಅದರಿಂದಲೂ ಅವರು ಪೂರ್ತಿ ಒಪ್ಪಲಿಲ್ಲ. ಒಪ್ಪಿಸಿದ್ದು ಅವಳ ಕಾಲೇಜಿನ ಕೆಮಿಸ್ಟ್ರಿ ಮೇಡಂ. ಮನೆಗೇ ಬಂದು, ಕಾಫಿ ಕುಡಿದು, "ಹಾಸ್ಟೆಲ್ ಇಲ್ಲದಿದ್ರೆ ಕಳಿಸ್ಲೇಬೇಡಿ, ಸುಮ್ನೆ ಎರಡು ವರ್ಷ ವೇಸ್ಟು" ಅಂದರಂತೆ. ನೆಂಟರು ಹತ್ತು ಸಲ ಹೇಳಿದ್ದನ್ನು ಮೇಷ್ಟ್ರು ಒಂದು ಸಲ ಹೇಳಿದರೆ ಸಾಕು, ನಮ್ಮ ಕಡೆ ಇನ್ನೂ ಹಾಗೇ ಇದೆ.

ವಿವಿ ಹಾಸ್ಟೆಲ್ ಅಡ್ಮಿಷನ್ ಆದ ಮೇಲೆ ಅರ್ಜಿ ಹಾಕಿ ಪಡೆಯುವಂಥದ್ದು, ಮೊದಲೇ ಗ್ಯಾರಂಟಿ ಇಲ್ಲ. ಅದಕ್ಕೆ ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ಗೂ ಅರ್ಜಿ ಹಾಕಿಸಿದೆವು. ಎರಡೂ ಸಿಗದವರಿಗೆ ವಿದ್ಯಾಸಿರಿ ಅಂತ ಊಟ-ವಸತಿಗೆ ಸಹಾಯಧನ ಇದೆ. ಮೂರಕ್ಕೂ ಜಾತಿ–ಆದಾಯ ಪ್ರಮಾಣಪತ್ರ ಬೇಕು. ಅದರ ಅವಧಿ ಮುಗಿದಿದೆಯಾ ಅಂತ ಸೀಟಿನ ಪಟ್ಟಿ ಬರುವ ಮೊದಲೇ ನೋಡಿಕೊಳ್ಳಿ, ಇವಳದ್ದು ಮುಗಿದಿತ್ತು, ನಾಡಕಚೇರಿಗೆ ಅಲೆಯಬೇಕಾಯಿತು.

ದಿನಾಂಕಗಳ ಗೋಳು

ಒಂದೊಂದು ವಿವಿಗೂ ಒಂದೊಂದು ಕ್ಯಾಲೆಂಡರು. ಒಂದು ಕಡೆ ಮೊದಲ ಪಟ್ಟಿಯವರು ಫೀಸು ಕಟ್ಟಲು ಕೊನೆ ದಿನ ಬಂದಾಗ ಇನ್ನೊಂದು ಕಡೆ ಎರಡನೇ ಪಟ್ಟಿಯೇ ಬಂದಿರಲಿಲ್ಲ. ಕಾಯುತ್ತಾ ಕೂತರೆ ಕೈಯಲ್ಲಿದ್ದ ಸೀಟೂ ಹೋಗುತ್ತದೆ. ನಾವು ದಾವಣಗೆರೆಗೆ ಕಟ್ಟಿ ಸೀಟು ಹಿಡಿದುಕೊಂಡೆವು.

ಇಲ್ಲಿ ತಿಳಿದಿರಬೇಕಾದ ಎರಡು ವಿಷಯ ಇವೆ. 2018ರಲ್ಲಿ ಯುಜಿಸಿ (ವಿಶ್ವವಿದ್ಯಾಲಯಗಳ ಕೇಂದ್ರ ಆಯೋಗ) ಒಂದು ನಿಯಮ ಹೊರಡಿಸಿದೆ, ಅದರ ಪ್ರಕಾರ ಯಾವ ವಿವಿಯೂ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವಂತಿಲ್ಲ, ನೋಡಿ ವಾಪಸ್ ಕೊಡಬೇಕು. ಅಡ್ಮಿಷನ್‌ನ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಸಣ್ಣ ಪ್ರೊಸೆಸಿಂಗ್ ಮೊತ್ತ ಬಿಟ್ಟು ಫೀಸು ಪೂರ್ತಿ ವಾಪಸ್, ತಡವಾದಷ್ಟೂ ಕಡಿತ. ಇದನ್ನು ಪ್ರಿಂಟ್ ತೆಗೆದು ಜೊತೆಗಿಟ್ಟುಕೊಂಡರೆ ಕೌಂಟರಿನಲ್ಲಿ ಮಾತು ಮೆತ್ತಗಾಗುತ್ತದೆ. ಟಿಸಿ (ಹಳೆಯ ಕಾಲೇಜು ಕೊಡುವ ವರ್ಗಾವಣೆ ಪತ್ರ) ಮಾತ್ರ ರೂಢಿಯಲ್ಲಿ ಬೇರೆ, ಕೊಟ್ಟರೆ ವಾಪಸ್ ಸಿಗುವುದು ಕಷ್ಟ. ಆಮೇಲೆ ಬೇರೆ ವಿವಿಗೆ ಹೋಗಬೇಕು ಅಂದರೆ ಮೈಗ್ರೇಷನ್ ಸರ್ಟಿಫಿಕೇಟೂ ಬೇಕು. ಟಿಸಿ ಕೊಡಲು ಸಮಯ ಕೊಡಿ ಅಂತ ಅವಳು ಪತ್ರ ಬರೆದುಕೊಟ್ಟಳು, ಒಪ್ಪಿದರು. ಶಂಕರಘಟ್ಟದ ಪಟ್ಟಿ ಬರುವವರೆಗೆ ಟಿಸಿ ಕೈಯಲ್ಲೇ ಇತ್ತು. ಅಷ್ಟು ಇಲ್ಲದಿದ್ದರೆ ಮೂರು ಸೀಟಿನ ಮಧ್ಯೆ ಆಯ್ಕೆ ಅನ್ನುವುದೇ ಇರುತ್ತಿರಲಿಲ್ಲ, ಮೊದಲು ಕರೆದವರ ಪಾಲಾಗುತ್ತಿದ್ದಳು.

ಕ್ಯಾಂಪಸ್ಸಿಗೆ ಹೋಗಿ ಕೇಳಿದ್ದು

ಅವಳನ್ನು ಎರಡೂ ಕಡೆಯ ಡಿಪಾರ್ಟ್‌ಮೆಂಟಿಗೆ ಕಳಿಸಿದೆ. ಮುಖ್ಯಸ್ಥರ ಹತ್ತಿರ ಹೋಗಬೇಡ, ಎರಡನೇ ವರ್ಷದವರನ್ನು ಕ್ಯಾಂಟೀನಿನಲ್ಲಿ ಹಿಡಿ ಅಂದಿದ್ದೆ. ಕಾಯಂ ಅಧ್ಯಾಪಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು, ಅತಿಥಿಗಳ ನೇಮಕ ಯಾವ ತಿಂಗಳಲ್ಲಿ ಆಗುತ್ತದೆ? ಇದು ನಮ್ಮ ರಾಜ್ಯದ ಎಲ್ಲ ವಿವಿಗಳಿಗೂ ಕೇಳಬೇಕಾದ ಪ್ರಶ್ನೆ, ಖಾಲಿ ಹುದ್ದೆಗಳ ಕಥೆ ಎಲ್ಲ ಕಡೆಯದೂ. ಉಪಕರಣ ಇದೆಯಾ ಅಂತ ಕೇಳಬೇಡ, ಇದ್ದೇ ಇರುತ್ತದೆ. ನೀವು ಕೈಯಲ್ಲಿ ಮುಟ್ಟಿದ್ದೀರಾ ಅಂತ ಕೇಳು. ನಾಲ್ಕನೇ ಸೆಮಿಸ್ಟರ್ ಪ್ರಾಜೆಕ್ಟ್ ಹೊರಗೆ ಕಂಪನಿಯಲ್ಲಿ ಮಾಡಲು ಬಿಡುತ್ತಾರಾ? ಹುಡುಗಿಯರ ಹಾಸ್ಟೆಲ್ ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ, ಲೈಬ್ರರಿ ಎಷ್ಟು ಗಂಟೆಗೆ?

ಎರಡೂ ಕಡೆಯಿಂದ ಬಂದ ಉತ್ತರಗಳಲ್ಲಿ ಭೂಮಿ–ಆಕಾಶದ ವ್ಯತ್ಯಾಸ ಇರಲಿಲ್ಲ. ಅದೂ ಒಂದು ಉತ್ತರವೇ ಅಲ್ವಾ? ಪಾಠ, ಲ್ಯಾಬ್ ಸರಿಸುಮಾರು ಒಂದೇ ಅಂದ ಮೇಲೆ ಪದವಿಯ ಹೆಸರು, ಖರ್ಚು, ಹಾಸ್ಟೆಲ್ ಇವೇ ತೀರ್ಮಾನ ಮಾಡಿದವು. ಶಂಕರಘಟ್ಟ ಬಿಡುವಾಗ ಅವಳಿಗೆ ಬೇಜಾರಾಯಿತು. ಆ ಸೀನಿಯರ್‌ಗೆ ತಾನೇ ಫೋನ್ ಮಾಡಿ ಹೇಳಿದಳು.

ಈಗ

ದಾವಣಗೆರೆಯಲ್ಲಿ ಕೆಮಿಸ್ಟ್ರಿಗೆ ಸೇರಿದಳು. ಮೊದಲ ಕೆಲವು ವಾರ ಹಾಸ್ಟೆಲ್ ಪಟ್ಟಿ ಬರುವವರೆಗೆ ಊರಿಂದಲೇ ಓಡಾಡಿದಳು. ಅದೊಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು, ಸಂಜೆ ಪ್ಯಾಸೆಂಜರ್ ತಡವಾಗಿ ಮಗಳು ಒಂಬತ್ತಕ್ಕೆ ಮನೆ ಮುಟ್ಟಿದ ದಿನಗಳಾದ ಮೇಲೆ ಭಾವ ತಾವಾಗಿಯೇ "ಹಾಸ್ಟೆಲ್ ಏನಾಯ್ತು" ಅಂತ ಕೇಳತೊಡಗಿದರು. ಆಮೇಲೆ ಹಾಸ್ಟೆಲ್ ಸಿಕ್ಕಿತು. ಮೊದಲ ಸೆಮಿಸ್ಟರ್‌ನಲ್ಲಿ ಫಿಸಿಕಲ್ ಕೆಮಿಸ್ಟ್ರಿ ಕೈಕೊಟ್ಟಿದೆ, ಕ್ವಾಂಟಮ್ ಭಾಗ ತಲೆಗೆ ಹೋಗುತ್ತಿಲ್ಲವಂತೆ. ಆರ್ಗ್ಯಾನಿಕ್ ಚೆನ್ನಾಗಿದೆ.

ಕಳೆದುಕೊಂಡದ್ದು ಏನೂ ಇಲ್ಲ ಅಂತಲ್ಲ. ಮೈಸೂರಿಗೆ ಹೋದ ಅವಳ ಕ್ಲಾಸ್‌ಮೇಟ್ ಒಬ್ಬಳು ಸೆಮಿನಾರು, ಹೊರಗಿನಿಂದ ಬಂದವರ ಉಪನ್ಯಾಸ ಅಂತ ಸ್ಟೇಟಸ್ ಹಾಕಿದಾಗ ಇವಳು ನನಗೆ ಅದನ್ನು ಫಾರ್ವರ್ಡ್ ಮಾಡುತ್ತಾಳೆ, ಏನೂ ಬರೆಯದೆ. ನಾನೂ ಸಮಾಧಾನ ಹೇಳಲು ಹೋಗುವುದಿಲ್ಲ. ಬದಲಿಗೆ ಪ್ರಾಜೆಕ್ಟ್‌ಗೆ ಪೀಣ್ಯ, ಜಿಗಣಿ ಕಡೆಯ ಲ್ಯಾಬುಗಳಲ್ಲಿ ಯಾರು ವಿದ್ಯಾರ್ಥಿಗಳನ್ನು ತಗೊಳ್ಳುತ್ತಾರೆ ಅಂತ ಈಗಿನಿಂದಲೇ ಕೇಳಿಡುತ್ತಿದ್ದೇನೆ. ವಿವಿಯಿಂದ ಒಂದು ಪರಿಚಯ ಪತ್ರ ಬೇಕಾಗುತ್ತದೆ, ಅದನ್ನು ಮೂರನೇ ಸೆಮಿಸ್ಟರ್ ಶುರುವಿನಲ್ಲೇ ಕೇಳು ಅಂದಿದ್ದೇನೆ. ದೊಡ್ಡಪ್ಪ ಈಗ ಮಾತಾಡುತ್ತಾರೆ, ಪಿಎಚ್‌ಡಿಗಾದರೂ ಮೈಸೂರಿಗೆ ಕಳಿಸಿ ಅಂತ.